ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡೋಣ



ನೀವು ಅಕ್ಷರ ಕಲಿತಿದ್ದೀರಿ. ನಿಮ್ಮ ಹೆಸರು ನೀವೇ ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಬ್ಯಾಂಕಿನ ಪಾಸ್‌ಬುಕ್ ನೋಡುತ್ತೀರಿ. ಇದು ದೊಡ್ಡ ಕೆಲಸ. ಇದರ ಜೊತೆಗೆ ಇನ್ನೊಂದು ವಿದ್ಯೆ ಬೇಕು. ಅದು ನಾಲ್ಕು ಮಂದಿ ಮುಂದೆ ನಿಂತು ಮಾತಾಡುವ ವಿದ್ಯೆ.

"ನಮಗ್ಯಾಕ ಭಾಷಣ? ನಾವೇನು ಪುಢಾರಿಗಳೇನು?" ಅಂತ ನೀವು ಕೇಳಬಹುದು. ಭಾಷಣದ ಮಾತು ಬಿಡಿ. ನೀರು, ದಾರಿ, ರೇಶನ್, ಸಾಲಿ ಇವುಗಳ ಸಲುವಾಗಿ ಒಂದಿಲ್ಲೊಂದು ದಿನ ನಾವು ಬಾಯಿ ಬಿಡಲೇಬೇಕು. ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ.

ಗ್ರಾಮಸಭೆ ಯಾರದು?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಊರಿನ ಮತದಾರರ ಯಾದಿಯಲ್ಲಿ ಹೆಸರು ಇರುವ ಎಲ್ಲರೂ ಗ್ರಾಮಸಭೆಯ ಸದಸ್ಯರು. ಹೊಲ ಇದ್ದವರೂ ಸದಸ್ಯರೇ, ಕೂಲಿ ಮಾಡುವವರೂ ಸದಸ್ಯರೇ. ಮಹಾರಾಷ್ಟ್ರದ ಕಾಯ್ದೆಯಂತೆ ಗ್ರಾಮಸಭೆಗಿಂತ ಮೊದಲು ಮಹಿಳೆಯರ ಸಭೆ ಬೇರೆಯಾಗಿ ನಡೆಯಬೇಕು. ಅಂದ ಮೇಲೆ ಅಲ್ಲಿ ಮಾತಾಡಲು ಯಾರ ಅಪ್ಪಣೆಯೂ ಬೇಡ. ಅದು ನಿಮ್ಮ ಹಕ್ಕು.

ಭಾಷೆಯ ಅಂಜಿಕೆ

ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡ ಆಡುತ್ತಾರೆ. ಸಂತೆಯಲ್ಲಿ ಎರಡೂ ಭಾಷೆ ನಡೆಯುತ್ತವೆ. ಕಚೇರಿಯಲ್ಲಿ ಮಾತ್ರ ಮರಾಠಿ. 1964ರ ರಾಜಭಾಷಾ ಕಾಯ್ದೆಯಿಂದ ಮಹಾರಾಷ್ಟ್ರದ ಸರ್ಕಾರಿ ಕೆಲಸ ಮರಾಠಿಯಲ್ಲಿ ನಡೆಯುತ್ತದೆ. ಹಾಗಾಗಿ "ತಪ್ಪು ಮರಾಠಿ ಮಾತಾಡಿದರ ಮಂದಿ ನಗತಾರ" ಅಂತ ಹಲವರು ಸುಮ್ಮನೆ ಕೂಡುತ್ತಾರೆ.

ಅಂಜಬೇಡಿ. ನಿಮಗೆ ಬರುವ ಭಾಷೆಯಲ್ಲೇ ಹೇಳಿ. ಎರಡೂ ಭಾಷೆ ಬರುವವರು ಒಬ್ಬರು ಪಕ್ಕದಲ್ಲಿ ಇರಲಿ. ಅವರು ಅದನ್ನು ಮರಾಠಿಯಲ್ಲಿ ಹೇಳುತ್ತಾರೆ. ಮಾತು ಚಂದ ಇರಬೇಕಾಗಿಲ್ಲ, ತಿಳಿಯುವಂತೆ ಇದ್ದರೆ ಸಾಕು.

ಭೂಕಂಪದ ಕಾಲದ ಒಂದು ಪಾಠ

1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ಕಳಿಸಿ ಜನ ಮಲಗಿದ್ದರು. ನಸುಕಿನ ನಾಲ್ಕು ಗಂಟೆ ಸುಮಾರಿಗೆ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರ ಸುತ್ತಿನ ಹಳ್ಳಿಗಳು ನೆಲಕ್ಕೆ ಬಿದ್ದವು. ಸುಮಾರು 8,000 ಜನ ಸತ್ತರು. ದಪ್ಪ ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ಮಣ್ಣಿನ ಭಾರದ ಮಾಳಿಗೆ. ಅದೇ ಮೈಮೇಲೆ ಬಿತ್ತು.

ನಂತರ ಉಳಿದ ಮನೆಗಳನ್ನು ಗಟ್ಟಿ ಮಾಡುವ ಕೆಲಸ ಶುರುವಾಯಿತು. ಮಾಳಿಗೆಯ ಮಣ್ಣು ಕಡಿಮೆ ಮಾಡಬೇಕು, ಗೋಡೆಯ ಎರಡೂ ಬದಿ ಹಿಡಿಯುವಂಥ ಉದ್ದ ಕಲ್ಲು ಕೂಡಿಸಬೇಕು ಅಂತ ಇಂಜಿನಿಯರರು ಹೇಳಿದರು. ಆದರೆ ಕಾಗದದ ಮೇಲಿನ ಮಾತು ಮನೆಮನೆಗೆ ಮುಟ್ಟುವುದು ಹೇಗೆ? ಆಗ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಹಳ್ಳಿಯ ಹೆಂಗಸರೇ ಮುಂದೆ ಬಂದರು. ಅವರಿಗೆ "ಸಂವಾದ ಸಹಾಯಕ" ಅಂತ ಹೆಸರು. ಸರ್ಕಾರದ ಯೋಜನೆಯನ್ನು ಜನರಿಗೆ ತಿಳಿಸುವುದು, ಜನರ ಅಡಚಣಿಯನ್ನು ಅಧಿಕಾರಿಗೆ ಮುಟ್ಟಿಸುವುದು ಅವರ ಕೆಲಸ.

ಇಲ್ಲಿ ನಾವು ಕಲಿಯುವುದೇನು? ಮಾತಿಗೆ ಎರಡು ದಾರಿ. ಹೇಳುವುದು ಒಂದು, ಕೇಳುವುದು ಒಂದು. ಎರಡೂ ಬಂದರೆ ಕೆಲಸ ಆಗುತ್ತದೆ.

ಮಾತು ಹೇಗಿರಬೇಕು?

ಒಬ್ಬಾಕೆ ಸಭೆಯಲ್ಲಿ ಹೀಗೆ ಹೇಳಿದಳು ಅಂತ ಇಟ್ಟುಕೊಳ್ಳಿ:

"ನಮ್ಮ ಓಣ್ಯಾಗ ಏನೂ ಸರಿ ಇಲ್ಲ. ಯಾರೂ ಕೇಳಂಗಿಲ್ಲ. ಬಡವರಂದ್ರ ಹಿಂಗೇ."

ಆಕೆಯ ಸಿಟ್ಟು ಖರೆ. ಆದರೆ ರಜಿಸ್ಟರಿನಲ್ಲಿ ಏನು ಬರೆಯಬೇಕು? ಬರೆಯಲು ಏನೂ ಸಿಗಲಿಲ್ಲ. ಈಗ ಇನ್ನೊಬ್ಬಾಕೆಯ ಮಾತು ನೋಡಿ:

"ಸರಪಂಚರೇ, ಎಲ್ಲರಿಗೂ ನಮಸ್ಕಾರರೀ. ನಾನು ಕೆಳಗಿನ ಓಣಿಯಾಕಿ. ನಮ್ಮ ಓಣಿ ಬೋರಿಂಗ್ ಕೆಟ್ಟು 15 ದಿನ ಆಯ್ತು. ಅಲ್ಲಿ 40 ಮನಿ ಅವ. ಒಂದು ಕೊಡ ನೀರಿಗೆ ಅರ್ಧ ತಾಸು ಹೋಗತಾದ. ಹುಡುಗ್ಯಾರು ಸಾಲಿ ಬಿಟ್ಟು ನೀರಿಗೆ ಹೊಂಟಾರ. ಬರೋ ಸೋಮವಾರದೊಳಗ ರಿಪೇರಿ ಮಾಡಸ್ರಿ. ಈ ಮಾತು ಬರಕೊಳ್ರಿ."

ಇದಕ್ಕೆ ಒಂದು ನಿಮಿಷವೂ ಹತ್ತುವುದಿಲ್ಲ. ಆದರೂ ಇದರಲ್ಲಿ ಬೇಕಾದ್ದೆಲ್ಲ ಇದೆ:

1. ಮಾತಾಡುವವರು ಯಾರು, ಯಾವ ಓಣಿಯವರು.
2. ಒಂದೇ ವಿಷಯ. ನೀರಿನ ಜೊತೆ ಗಟಾರ, ದೀಪ ಕಲಸಿಲ್ಲ.
3. ಲೆಕ್ಕ. ಎಷ್ಟು ದಿನ, ಎಷ್ಟು ಮನೆ.
4. ಆಗುವ ತೊಂದರೆ.
5. ಏನು ಆಗಬೇಕು, ಯಾವಾಗ ಆಗಬೇಕು.

ಈ ಐದನ್ನು ಐದು ಬೆರಳಿನ ಮೇಲೆ ಎಣಿಸಿ ನೆನಪಿಡಿ. ಚೀಟಿಯಲ್ಲಿ ಬರೆದುಕೊಂಡು ಹೋದರೂ ನಡೆಯುತ್ತದೆ. ನೋಡಿ ಓದುವುದರಲ್ಲಿ ನಾಚಿಕೆ ಇಲ್ಲ.

ಎದೆ ಡವಡವ ಅಂದರೆ?

ಎಲ್ಲರಿಗೂ ಹಾಗೆ ಆಗುತ್ತದೆ. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ. ಮೊದಲ ಸಾಲು ಬಾಯಿಪಾಠ ಮಾಡಿ. ಒಬ್ಬರೇ ಹೋಗಬೇಡಿ, ಓಣಿಯವರು ನಾಲ್ಕು ಮಂದಿ ಕೂಡಿ ಹೋಗಿ. ಎದ್ದು ನಿಂತ ಮೇಲೆ ಒಮ್ಮೆ ಉಸಿರು ಎಳೆದುಕೊಳ್ಳಿ. ಗುರುತಿನ ಮುಖ ನೋಡುತ್ತ ಸಾವಕಾಶ ಮಾತಾಡಿ. ಹಿಂದೆ ಕುಂತವರಿಗೂ ಕೇಳಬೇಕು. ಅಕ್ಕಂದಿರಿಗೆ ಮಹಿಳಾ ಸಭೆ ಒಳ್ಳೆಯ ತಾಲೀಮು. ಅಲ್ಲಿ ಹೇಳಿ ರೂಢಿಯಾದರೆ ದೊಡ್ಡ ಸಭೆ ಸುಲಭ.

ನಮ್ಮ ಪಕ್ಕದ ಬಸವಕಲ್ಯಾಣ ನೆನೆಸಿಕೊಳ್ಳಿ. 12ನೇ ಶತಮಾನದಲ್ಲಿ ಅಂಬಿಗರು, ಮಡಿವಾಳರು ಎಲ್ಲ ಅಲ್ಲಿ ಶರಣರ ನಡುವೆ ಕೂತು ತಮ್ಮ ಮಾತು ಹೇಳಿದರು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ತಿರುಗಿ ಇಟ್ಟು ಬಾ ಅಂತ ನೇರವಾಗಿ ಹೇಳಿದಳಂತೆ. ದೊಡ್ಡ ಮಾತೇನೂ ಅಲ್ಲ, ಆದರೆ ಏನು ಆಗಬೇಕು ಅನ್ನುವುದು ಸ್ಪಷ್ಟ ಇತ್ತು.

ಹೇಳಿದ ಮೇಲೆ ಬಿಟ್ಟು ಬರಬೇಡಿ

ಉತ್ತರವನ್ನು ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. ಬೈಗುಳ ಬೇಡ. ಬೈದರೆ ಜಗಳ ಉಳಿಯುತ್ತದೆ, ಬೋರಿಂಗ್ ಹಾಗೇ ಉಳಿಯುತ್ತದೆ. "ನೋಡೋಣ" ಅಂದರೆ "ಯಾರು ನೋಡತಾರರೀ? ಯಾವತ್ತು?" ಅಂತ ಶಾಂತವಾಗಿ ಕೇಳಿ.

ಕೊನೆಗೆ ಒಂದು ಮುಖ್ಯ ಮಾತು. ಸಭೆಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ರಜಿಸ್ಟರಿನಲ್ಲಿ ಬರೆದದ್ದು ಉಳಿಯುತ್ತದೆ. "ನಮ್ಮ ವಿಷಯ ಏನು ಬರದೀರಿ, ಓದಿ ತೋರಸ್ರಿ" ಅಂತ ಕೇಳಿ. ಅದು ಮರಾಠಿಯಲ್ಲಿ ಇರುತ್ತದೆ. ಓದಲು ಬರುವ ಮಗನೋ ಮಗಳೋ ಜೊತೆಗಿದ್ದರೆ ಒಳ್ಳೆಯದು. ಓಣಿಯ ಹೆಸರು, ಕೆಲಸ, ತಾರೀಖು ಸರಿ ಇದೆಯೇ ನೋಡಿ. ಅದೇ ವಿಷಯದ ಒಂದು ಅರ್ಜಿಯನ್ನೂ ಕೊಡಿ. ನಿಮ್ಮ ಪ್ರತಿಯ ಮೇಲೆ ಶಿಕ್ಕಾ, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಜೋಪಾನ ಇಡಿ. ಮುಂದಿನ ಸಭೆಯಲ್ಲಿ ಅದನ್ನು ತೋರಿಸಿಯೇ ಮಾತು ಶುರು ಮಾಡಬಹುದು.

ಅಭ್ಯಾಸ

1. ನಿಮ್ಮ ಓಣಿಯ ಒಂದು ತೊಂದರೆ ಆರಿಸಿ. ಮೇಲಿನ ಐದು ಅಂಶ ಬರೆಯಿರಿ.
2. ಕಲಿಕಾ ಕೇಂದ್ರದಲ್ಲಿ ಎದ್ದು ನಿಂತು ಒಂದು ನಿಮಿಷ ಹೇಳಿ. ಒಬ್ಬರು ಸರಪಂಚರಾಗಿ ಉತ್ತರ ಕೊಡಲಿ.
3. ಕೇಳಿದವರು ನಿಮ್ಮ ವಿಷಯವನ್ನು ತಿರುಗಿ ಹೇಳಲಿ. ಅವರು ಸರಿಯಾಗಿ ಹೇಳಿದರೆ ನಿಮ್ಮ ಮಾತು ಮುಟ್ಟಿದೆ.