ವೃತ್ತಿರಂಗಭೂಮಿಯ ಲೆಗ್ ಹಾರ್ಮೋನಿಯಂ: ರಕ್ಷಣೆ ಮತ್ತು ಬಳಕೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆದವರು ನಾಟಕಕಾರರಿಗೂ ನಟರಿಗೂ ಕಂಪನಿಯ ಒಡೆಯರಿಗೂ ತಕ್ಕ ಸ್ಥಾನವನ್ನು ಕೊಟ್ಟಿರುವರು. ಆದರೆ ರಂಗದ ಮುಂಭಾಗದಲ್ಲಿ ಕುಳಿತು ಇಡೀ ರಾತ್ರಿಯ ಪ್ರಯೋಗವನ್ನು ಹಿಡಿದು ನಡೆಸುತ್ತಿದ್ದ ಪೇಟಿ ಮಾಸ್ತರನಿಗೂ ಅವನ ವಾದ್ಯಕ್ಕೂ ದೊರೆತ ಪುಟಗಳು ಕೆಲವೇ. ಕಂಪನಿಯವರು ‘ಲೆಗ್ ಹಾರ್ಮೋನಿಯಂ’ ಎಂದು ಕರೆಯುತ್ತಿದ್ದ ಈ ವಾದ್ಯದ ಸ್ವರೂಪವನ್ನೂ ಅದನ್ನು ಉಳಿಸಿಕೊಳ್ಳುವ ಬಗೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾರ್ಮೋನಿಯಂ ಎಂಬ ಹೆಸರಿನಿಂದ ಈ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರವನ್ನು ಪಡೆದವನು ಅಲೆಕ್ಸಾಂಡರ್ ದೆಬೇನ್, ವರ್ಷ ೧೮೪೨. ವಾದಕನು ಕುರ್ಚಿಯ ಮೇಲೆ ಕುಳಿತು ಎರಡು ಪಾದಗಳಿಂದ ಮೆಟ್ಟುಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುತ್ತಾನೆ. ತಿದಿಗಳ ಗಾಳಿ ಹಿತ್ತಾಳೆಯ ನಾಲಗೆಗಳನ್ನು ಕಂಪಿಸುವಂತೆ ಮಾಡಿದಾಗ ಸ್ವರ ಹೊರಡುತ್ತದೆ. ಕಲ್ಕತ್ತೆಯಲ್ಲಿ ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡ ಕೈಹಾರ್ಮೋನಿಯಮ್ಮಿನಲ್ಲಿ ಒಂದು ಕೈ ತಿದಿಗೇ ಮೀಸಲು. ಲೆಗ್ ಹಾರ್ಮೋನಿಯಮ್ಮಿನಲ್ಲಿಯಾದರೋ ಎರಡು ಕೈಗಳೂ ಸ್ವರದ ಮನೆಗಳ ಮೇಲೆ ಆಡಬಲ್ಲವು. ನಾದವೂ ತುಂಬಿದ್ದು, ಎಡೆಬಿಡದೆ ನಿಲ್ಲಬಲ್ಲದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ತಗಡಿನ ಥಿಯೇಟರಿನ ಕೊನೆಯ ಸಾಲಿಗೆ ಹಾಡು ಮುಟ್ಟಬೇಕಾದರೆ ಇಂಥ ಆಸರೆ ಅತ್ಯಗತ್ಯವಾಗಿದ್ದಿತು. ನಾಂದಿಗೆ ಶ್ರುತಿ ಕೊಡುವುದು, ಪದದ ಎತ್ತುಗಡೆಯನ್ನು ಸೂಚಿಸುವುದು, ‘ಒನ್ಸ್ ಮೋರ್’ ಕೂಗು ಬಂದರೆ ಪಲ್ಲವಿಗೆ ಮರಳುವುದು, ಎಲ್ಲವೂ ಮಾಸ್ತರನ ಹೊಣೆ.

ಮರಾಠಿ ಸಂಗೀತ ನಾಟಕದಲ್ಲಿ ಇದರ ಸಮೀಪದ ಬಂಧುವಾದ ಕಾಲಿನ ವಾದ್ಯಕ್ಕೆ ‘ಆರ್ಗನ್’ ಎಂದೇ ಹೆಸರು. ಬಾಲಗಂಧರ್ವರ ಗಾಯನದೊಡನೆ ಅದರ ನಾದವೂ ರಸಿಕರ ನೆನಪಿನಲ್ಲಿ ಉಳಿದಿದೆ. ಕನ್ನಡದಲ್ಲಿ ಗುಬ್ಬಿ ವೀರಣ್ಣನವರಿಂದ ಏಣಗಿ ಬಾಳಪ್ಪನವರವರೆಗೆ ಕಂಪನಿಗಳ ರಂಗಗೀತೆಗಳು ಹಾರ್ಮೋನಿಯಂ, ತಬಲಾಗಳ ಜೊತೆಯಲ್ಲಿಯೇ ಬೆಳೆದವು. ಶಾಸ್ತ್ರೀಯ ಸಂಗೀತದ ಪಂಡಿತರು ಮಾತ್ರ ಈ ವಾದ್ಯವನ್ನು ಸಂಶಯದಿಂದ ಕಂಡರು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇದರಲ್ಲಿ ಸಾಧ್ಯವಿಲ್ಲ; ೧೨ ಸ್ವರಸ್ಥಾನಗಳೂ ಅಚಲ. ೧೯೪೦ರ ಮಾರ್ಚ್ ೧ರಿಂದ ಆಕಾಶವಾಣಿ ಇದನ್ನು ನಿಷೇಧಿಸಿತು. ೧೯೭೧ರಲ್ಲಿ ನಿಷೇಧ ಭಾಗಶಃ ಸಡಿಲವಾಯಿತು. ರಂಗಭೂಮಿ ಆ ತೀರ್ಪಿಗೆ ಕಾಯಲಿಲ್ಲ.

ಕಂಪನಿಗಳು ಕ್ಷೀಣಿಸಿದ ಮೇಲೂ ಈ ಪರಂಪರೆಗೆ ಗ್ರಾಮಗಳಲ್ಲಿ ಆಶ್ರಯ ದೊರೆಯಿತು. ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಯಲ್ಲಿ ಜಾತ್ರೆಯ ನಾಟಕವೆಂದರೆ ಊರಿನ ಉತ್ಸಾಹಿಗಳ ಕೆಲಸ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಕೂಡುವರು. ಹಾಡು, ಮಾತು, ನಿಲುವು ಮೂರನ್ನೂ ಕಲಿಸುವವನು ಪೇಟಿ ಮಾಸ್ತರನೇ. ಆದರೆ ಧ್ವನಿವರ್ಧಕ ಬಂದ ಮೇಲೆ ಕೈಪೇಟಿಯೇ ಸಾಕಾಯಿತು. ಅನಂತರ ವಿದ್ಯುತ್ ಕೀಬೋರ್ಡು ಬಂದಿತು. ಭಾರವಾದ ಲೆಗ್ ಹಾರ್ಮೋನಿಯಮ್ಮನ್ನು ಬಂಡಿಯ ಮೇಲೆ ಹೇರಿ ಊರಿಂದೂರಿಗೆ ಒಯ್ಯುವ ಅಗತ್ಯ ತಪ್ಪಿತು. ಮೂಲೆ ಸೇರಿದ ವಾದ್ಯಕ್ಕೆ ಇಲಿ, ಗೆದ್ದಲು, ಮಳೆಗಾಲದ ತೇವಗಳೇ ಗತಿ. ತಿದಿಯ ಚರ್ಮ ಬಿರಿಯುತ್ತದೆ. ನಾಲಗೆಗಳಿಗೆ ಧೂಳು ಹಿಡಿದು ಸ್ವರ ಕೆಡುತ್ತದೆ.

ಇದಕ್ಕೆ ಸಮಾನವಾದ ಒಂದು ವಿದೇಶೀ ದೃಷ್ಟಾಂತವನ್ನು ಇಲ್ಲಿ ಪರಿಶೀಲಿಸುವುದು ಉಚಿತ. ಮೂಕಚಿತ್ರಗಳ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ವಾದ್ಯಮೇಳಕ್ಕೆ ಬದಲಾಗಿ ಭಾರಿ ಕೊಳವೆ ಆರ್ಗನ್‌ಗಳನ್ನು ನಿಲ್ಲಿಸುತ್ತಿದ್ದರು. ರಾಬರ್ಟ್ ಹೋಪ್-ಜೋನ್ಸನು ೧೯೧೦ರಲ್ಲಿ ವುರ್ಲಿಟ್ಜರ್ ಕಂಪನಿಯನ್ನು ಸೇರಿದನು. ಅಲ್ಲಿಂದ ಮುಂದೆ ಆ ಕಂಪನಿ ಎರಡು ಸಾವಿರಕ್ಕೂ ಮಿಕ್ಕಿ ಆರ್ಗನ್‌ಗಳನ್ನು ನಿರ್ಮಿಸಿತು. ೧೯೨೭ರ ಬಳಿಕ ಟಾಕಿ ಚಿತ್ರಗಳು ಹರಡಿದಂತೆ ಅವುಗಳಿಗೆ ಕೆಲಸವಿಲ್ಲದಾಯಿತು. ಅನೇಕವು ಗುಜರಿಗೆ ಹೋದವು. ಉಳಿದವುಗಳನ್ನು ಬಿಚ್ಚಿ ತಂದು, ದುರಸ್ತಿ ಮಾಡಿ, ಸಭಾಂಗಣಗಳಲ್ಲಿಯೂ ಸ್ವಂತ ಮನೆಗಳಲ್ಲಿಯೂ ಮತ್ತೆ ನಿಲ್ಲಿಸಿದವರಲ್ಲಿ ಕೇವಲ ಹವ್ಯಾಸಿಗಳೇ ಬಹಳ. ೧೯೫೫ರಲ್ಲಿ ಅವರು ಒಂದು ರಾಷ್ಟ್ರೀಯ ಸಂಘವನ್ನೂ ಕಟ್ಟಿದರು. ಅವರು ದುರಸ್ತಿಯೊಂದಕ್ಕೇ ನಿಲ್ಲದೆ ಎಳೆಯರಿಗೆ ವಾದನವನ್ನು ಕಲಿಸಿದರು. ಹಳೆಯ ಮೂಕಚಿತ್ರಗಳನ್ನು ತೋರಿಸಿ ಅವುಗಳೊಡನೆ ಆರ್ಗನ್ ನುಡಿಸಿದರು. ಕೇಳುವವರಿದ್ದುದರಿಂದ ವಾದ್ಯ ಉಳಿಯಿತು.

ಇದರಿಂದ ನಮಗೆ ದೊರೆಯುವ ಪಾಠ ಸ್ಪಷ್ಟವಾಗಿದೆ. ಗಾಜಿನ ಹಿಂದೆ ಇಟ್ಟ ಲೆಗ್ ಹಾರ್ಮೋನಿಯಂ ಒಂದು ಮರದ ಪೆಟ್ಟಿಗೆ ಮಾತ್ರ. ಅದರ ಚರಿತ್ರೆಯ ಅರ್ಧಭಾಗ ಮಾಸ್ತರನ ಕೈಕಾಲುಗಳಲ್ಲಿಯೂ ನೆನಪಿನಲ್ಲಿಯೂ ಇದೆ: ಯಾವ ಪದಕ್ಕೆ ಯಾವ ಧಾಟಿ, ಯಾವ ಪಾತ್ರದ ಪ್ರವೇಶಕ್ಕೆ ಯಾವ ರಾಗ, ಯಾವ ನಟನ ಕಂಠಕ್ಕೆ ಯಾವ ಶ್ರುತಿ. ಇವನ್ನು ಯಾವ ಶಾಸನದಲ್ಲಿಯೂ ಕೆತ್ತಿಲ್ಲ. ಹಿರಿಯ ಮಾಸ್ತರರು ತೀರಿಕೊಂಡಂತೆಲ್ಲ ಈ ಆಧಾರಗಳೂ ಅಳಿಯುತ್ತವೆ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ಉಳಿದಿರುವ ವಾದ್ಯಗಳನ್ನು ಗುರುತಿಸಿ, ತಯಾರಕರ ಫಲಕ, ಸ್ವರಗಳ ಸಂಖ್ಯೆ, ಕೈಬದಲಾದ ಕ್ರಮ ಇವನ್ನು ಬರೆದುಕೊಳ್ಳುವುದು. ಎರಡನೆಯದಾಗಿ, ಮಾಸ್ತರರ ಮಾತನ್ನೂ ವಾದನವನ್ನೂ ಧ್ವನಿಮುದ್ರಿಸುವುದು. ಮೂರನೆಯದಾಗಿ, ದುರಸ್ತಿಯಾದ ಒಂದು ವಾದ್ಯವನ್ನಾದರೂ ಕಾಲೇಜಿನ ವಾರ್ಷಿಕ ನಾಟಕದಲ್ಲಿ ನುಡಿಸುವುದು. ತಿದಿಯ ದುರಸ್ತಿಯನ್ನು ಬಲ್ಲ ಕುಶಲಕರ್ಮಿಗೆ ಅದರಿಂದ ಕೆಲಸ ಸಿಕ್ಕುವುದು; ಮಾಸ್ತರನಿಗೆ ಶಿಷ್ಯರು ಸಿಕ್ಕುವರು. ಮೊದಲೆರಡು ಕಾರ್ಯಗಳಿಂದ ಚರಿತ್ರೆಗೆ ಆಧಾರ ದೊರೆತರೆ, ಮೂರನೆಯದರಿಂದ ವಾದ್ಯಕ್ಕೆ ಆಯುಷ್ಯ ದೊರೆಯುವುದು.