ಆತಂಕ ಮೂಲದ ವ್ಯಕ್ತಿತ್ವ ವಿಕಾರಗಳು: ಪ್ರಕರಣ ಅಧ್ಯಯನ ಬರೆಯುವ ಮುನ್ನ

ಅಭ್ಯಾಸ ಬೋಧನೆಯ ಪ್ರಕರಣ ಅಧ್ಯಯನಗಳಲ್ಲಿ ‘ಈ ವಿದ್ಯಾರ್ಥಿಗೆ ವ್ಯಕ್ತಿತ್ವ ವಿಕಾರವಿದೆ’ ಎಂಬ ಸಾಲು ಸಲೀಸಾಗಿ ಬಂದುಬಿಡುತ್ತದೆ. ಆ ಮಾತಿನ ತೂಕ ಪ್ರಶಿಕ್ಷಣಾರ್ಥಿಗಳಿಗೆ ತಿಳಿದಿರಬೇಕು.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 (2013) ಹತ್ತು ವ್ಯಕ್ತಿತ್ವ ವಿಕಾರಗಳನ್ನು ಮೂರು ಗುಂಪು ಮಾಡಿದೆ. ಆತಂಕ, ಭಯ ಎದ್ದುಕಾಣುವ ಮೂರು ವಿಕಾರಗಳು ‘ಸಿ’ ಗುಂಪಿನಲ್ಲಿವೆ. ಟೀಕೆ, ತಿರಸ್ಕಾರಗಳಿಗೆ ಹೆದರಿ ಜನರಿಂದ ದೂರ ಸರಿಯುವುದು ವಿಮುಖ ವ್ಯಕ್ತಿತ್ವ. ಒಡನಾಟ ಬೇಕೆಂಬ ಆಸೆ ಒಳಗೆ ಇದ್ದೇ ಇರುತ್ತದೆ. ಆಸರೆ ತಪ್ಪೀತೆಂದು ಸಣ್ಣ ನಿರ್ಧಾರಕ್ಕೂ ಇನ್ನೊಬ್ಬರಿಗೆ ಜೋತುಬೀಳುವುದು ಅವಲಂಬಿತ ವ್ಯಕ್ತಿತ್ವ. ಕ್ರಮ, ಪರಿಪೂರ್ಣತೆಗಳಿಗೆ ಅಂಟಿಕೊಂಡು ಕೆಲಸವನ್ನೇ ಮುಗಿಸಲಾಗದಿರುವುದು ಗೀಳು ವ್ಯಕ್ತಿತ್ವ. ಇದನ್ನು ಒಸಿಡಿ ಜೊತೆ ಬೆರೆಸುವುದು ನಮ್ಮ ಉತ್ತರಪತ್ರಿಕೆಗಳ ಹಳೆಯ ಚಾಳಿ. ಒಸಿಡಿಯಲ್ಲಿ ಬೇಡದ ಯೋಚನೆಗಳು ನುಗ್ಗಿ ಕಾಡುತ್ತವೆ. ಇಲ್ಲಿ ತನ್ನ ರೀತಿಯೇ ಸರಿಯೆಂದು ವ್ಯಕ್ತಿಗೆ ಸಾಮಾನ್ಯವಾಗಿ ಅನಿಸಿರುತ್ತದೆ.

ವಿಕಾರವೆನ್ನಲು ಆ ವರ್ತನೆ ಬಹುಕಾಲದ್ದಾಗಿ, ಹಲವು ಸಂದರ್ಭಗಳಲ್ಲಿ ಕಂಡು, ಬದುಕಿಗೆ ಅಡ್ಡಿಯಾಗಿರಬೇಕು. 18 ತುಂಬದವರಲ್ಲಿ ಲಕ್ಷಣಗಳು ಕನಿಷ್ಠ ಒಂದು ವರ್ಷ ಇರಬೇಕೆನ್ನುತ್ತದೆ ಕೈಪಿಡಿ. ಅದನ್ನು ನಿರ್ಧರಿಸುವವರೂ ತಜ್ಞರೇ. ಕೆಲವೇ ವಾರ ಕಂಡ ಎಂಟನೆಯ ತರಗತಿಯ ಹುಡುಗಿಯ ಬಗ್ಗೆ ನಾವು ಹೇಳಬಲ್ಲುದು ಬಹಳ ಕಡಿಮೆ. ಅವಳಿಗೆ ಮಾಧ್ಯಮ ಬದಲಾಗಿರಬಹುದು, ಮನೆಮಾತು ಬೇರೆಯಿರಬಹುದು, ಹಿಂದೊಮ್ಮೆ ತಪ್ಪು ಉತ್ತರಕ್ಕೆ ಇಡೀ ತರಗತಿ ನಕ್ಕಿರಬಹುದು.

ಆದ್ದರಿಂದ ಕಂಡದ್ದನ್ನಷ್ಟೇ ಬರೆಯಿರಿ: ‘ಪ್ರಶ್ನೆ ಕೇಳಿದಾಗ ಎದ್ದು ನಿಂತಳು, ಉತ್ತರಿಸಲಿಲ್ಲ, ಜೋಡಿ ಚಟುವಟಿಕೆಯಲ್ಲಿ ಮಾತಾಡಿದಳು.’ ಮುಂದಿನ ಪಾಠಯೋಜನೆಗೆ ಬೇಕಾದದ್ದು ಈ ಸಾಲಿನಲ್ಲಿದೆ. ಹೆದರಿಕೆಯಿಂದ ಮಗು ಶಾಲೆಯನ್ನೇ ತಪ್ಪಿಸುತ್ತಿದ್ದರೆ ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ. ಪೋಷಕರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.