ವಿದೇಶಗಳಲ್ಲಿ ಸ್ವಯಂಸೇವೆ: ಸ್ಥಳೀಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಬಯಸುವವರಿಗೆ ಮಾಹಿತಿ

ಆಳಂದ ತಾಲ್ಲೂಕಿನ ಕಡಗಂಚಿ ಹಾಗೂ ಸುತ್ತಲಿನ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವೈದ್ಯರು, ಶುಶ್ರೂಷಾಧಿಕಾರಿಗಳು ಹಾಗೂ ಸಾರ್ವಜನಿಕ ಆರೋಗ್ಯ ಪದವೀಧರರ ಪೈಕಿ, ವಿದೇಶಗಳಿಗೆ ಸ್ವಯಂಸೇವಕರಾಗಿ ತೆರಳಿ ಅಲ್ಲಿನ ಗ್ರಾಮೀಣ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸೇವೆಯ ಉದ್ದೇಶ

ಸ್ವಯಂಸೇವಕರ ಅವಧಿ ಸೀಮಿತವಾದುದು. ಅವರು ಸ್ವತಃ ಚಿಕಿತ್ಸೆ ನೀಡಿದರೆ ಆ ಸೇವೆ ಅವರು ಹಿಂದಿರುಗುವ ದಿನವೇ ನಿಲ್ಲುತ್ತದೆ. ಸ್ಥಳೀಯರಿಗೆ ಕಲಿಸಿದ ಕೆಲಸವಾದರೋ ಆ ಊರಿನಲ್ಲಿಯೇ ಉಳಿಯುತ್ತದೆ. 1978ರ ಸೆಪ್ಟೆಂಬರ್‌ನಲ್ಲಿ ನಡೆದ ಆಲ್ಮಾ ಆಟಾ ಸಮ್ಮೇಳನದ ಘೋಷಣೆಯು ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಸಮುದಾಯದ ಕಾರ್ಯಕರ್ತರಿಗೂ ಸ್ಥಾನ ನೀಡಿತು. ಇಥಿಯೋಪಿಯ ದೇಶವು 2003ರಲ್ಲಿ ಆರಂಭಿಸಿದ ಆರೋಗ್ಯ ವಿಸ್ತರಣಾ ಕಾರ್ಯಕ್ರಮದಲ್ಲಿ ಸ್ಥಳೀಯ ಯುವತಿಯರಿಗೆ ಒಂದು ವರ್ಷದ ತರಬೇತಿ ನೀಡಿ, ವೇತನ ಸಹಿತ ನೇಮಿಸಿಕೊಳ್ಳಲಾಯಿತು.

ಗ್ರಾಮ ಮಟ್ಟದ ಅನುಭವ

ಇಂತಹ ಸೇವೆಗೆ ಬೇಕಾದ ಅನುಭವವನ್ನು ಸ್ವಂತ ತಾಲ್ಲೂಕಿನಲ್ಲಿಯೇ ಪಡೆಯಬಹುದಾಗಿದೆ. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಆಯ್ಕೆ ಮಾಡಲಾಗುತ್ತದೆ. ಅವರು ಅದೇ ಗ್ರಾಮದ ನಿವಾಸಿಗಳಾಗಿರಬೇಕೆಂಬುದು ಮುಖ್ಯ ನಿಯಮ. ಅವರಿಗೆ ಮೊದಲು 8 ದಿನಗಳ ಪ್ರವೇಶ ತರಬೇತಿಯನ್ನೂ, ನಂತರ ನಾಲ್ಕು ಸುತ್ತುಗಳಲ್ಲಿ ಒಟ್ಟು 20 ದಿನಗಳ ಕೌಶಲ್ಯ ತರಬೇತಿಯನ್ನೂ ನೀಡುವ ಕ್ರಮವಿದೆ. ಒಂದು ಸುತ್ತಿನಲ್ಲಿ ಕಲಿತುದನ್ನು ಗ್ರಾಮದಲ್ಲಿ ಬಳಸಿ ನೋಡಿ, ಎದುರಾದ ತೊಡಕುಗಳೊಡನೆ ಮುಂದಿನ ಸುತ್ತಿಗೆ ಬರುವುದು ಈ ವಿಂಗಡಣೆಯ ಪ್ರಯೋಜನ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಶಿಶುವನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನ ಮನೆಯಲ್ಲಿ ಭೇಟಿ ಮಾಡುತ್ತಾರೆ.

ಈ ಭೇಟಿಗಳ ಹಿಂದೆ ನೆರೆಯ ಮಹಾರಾಷ್ಟ್ರದ ಅನುಭವವಿದೆ. ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಗ್ರಾಮದ ಮಹಿಳೆಯರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಮೂರನೆಯ ವರ್ಷದಲ್ಲಿ ನವಜಾತ ಶಿಶು ಮರಣ ಪ್ರಮಾಣವು ಹೋಲಿಕೆಯ ಗ್ರಾಮಗಳಿಗಿಂತ ಶೇ. 62ರಷ್ಟು ಇಳಿದಿತ್ತು. 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯಿಂದ ಗೌರವಿಸಿತು.

ಆದ್ದರಿಂದ ಆಸಕ್ತರು ಅರ್ಜಿ ಸಲ್ಲಿಸುವ ಮುನ್ನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಅನುಮತಿಯೊಂದಿಗೆ ಆಶಾ ಕಾರ್ಯಕರ್ತೆಯರ ಮನೆ ಭೇಟಿಗಳನ್ನು ಪ್ರತ್ಯಕ್ಷವಾಗಿ ಗಮನಿಸುವುದು ಸೂಕ್ತ. ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುವ ಆಳಂದ ಸೀಮೆಯಲ್ಲಿ ಒಂದೇ ವಿಷಯವನ್ನು ಮನೆಮನೆಗೆ ತಕ್ಕ ಮಾತಿನಲ್ಲಿ ತಿಳಿಸುವ ರೂಢಿಯು ಪರದೇಶದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ತರಬೇತಿಯ ವಿಧಾನ

ಉಪನ್ಯಾಸಕ್ಕಿಂತ ಮಾಡಿ ತೋರಿಸುವುದು ಮತ್ತು ಮಾಡಿಸಿ ನೋಡುವುದು ಮೇಲು. ಉದಾಹರಣೆಗೆ, ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿಯೇ ಕರಗಿಸಬೇಕು. ನೀರು ಕಡಿಮೆಯಾದರೆ ದ್ರಾವಣದಲ್ಲಿ ಉಪ್ಪಿನ ಅಂಶ ಹೆಚ್ಚಾಗಿ ಮಗುವಿಗೆ ಅಪಾಯವಾಗಬಹುದು. ಆದರೆ ಮನೆಗಳಲ್ಲಿ ಅಳತೆಯ ಪಾತ್ರೆ ಇರುವುದಿಲ್ಲ. ನಮ್ಮಲ್ಲಿ ತಂಬಿಗೆಯನ್ನು ಅಳೆದು ಗುರುತಿಸಿಕೊಳ್ಳುವಂತೆ, ಆಯಾ ದೇಶದ ಮನೆಗಳಲ್ಲಿ ಬಳಸುವ ಪಾತ್ರೆ ಎಷ್ಟು ನೀರು ಹಿಡಿಯುತ್ತದೆಂಬುದನ್ನು ಅಲ್ಲಿನ ಕಾರ್ಯಕರ್ತರಿಂದಲೇ ಅಳೆಯಿಸಿ ನೋಡಬೇಕು. ಎರಡು ತಿಂಗಳೊಳಗಿನ ಶಿಶುವಿನ ಉಸಿರಾಟವನ್ನು ಪೂರ್ಣ ಒಂದು ನಿಮಿಷ ಎಣಿಸುವುದು, 60 ಅಥವಾ ಅದಕ್ಕೂ ಹೆಚ್ಚಿದ್ದಲ್ಲಿ ಮತ್ತೊಮ್ಮೆ ಎಣಿಸಿ, ಅಷ್ಟೇ ಇದ್ದಲ್ಲಿ ಕೂಡಲೇ ಆಸ್ಪತ್ರೆಗೆ ಕಳುಹಿಸುವುದು ಮುಂತಾದ ಕೌಶಲ್ಯಗಳನ್ನೂ ಇದೇ ರೀತಿ ಅಭ್ಯಾಸ ಮಾಡಿಸತಕ್ಕದ್ದು.

ಅರ್ಜಿ ಸಲ್ಲಿಸುವ ಬಗ್ಗೆ

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮವು 1970ರಲ್ಲಿ ಮಹಾಸಭೆಯ ನಿರ್ಣಯದಿಂದ ಸ್ಥಾಪಿತವಾಗಿದ್ದು, ಜರ್ಮನಿಯ ಬಾನ್ ನಗರದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದೆ. ಇದರಲ್ಲಿ ಯುವ ಸ್ವಯಂಸೇವಕರಿಗೆ 18ರಿಂದ 26 ವರ್ಷ, ವಿಷಯ ತಜ್ಞರಿಗೆ ಕನಿಷ್ಠ 27 ವರ್ಷ ಮತ್ತು ಹಿರಿಯ ಪರಿಣತರಿಗೆ ಕನಿಷ್ಠ 35 ವರ್ಷ ವಯೋಮಿತಿ ಇದೆ. ಸ್ವಯಂಸೇವಕರಿಗೆ ವೇತನವಿರುವುದಿಲ್ಲ; ಜೀವನ ನಿರ್ವಹಣಾ ಭತ್ಯೆ ನೀಡಲಾಗುತ್ತದೆ. ಅರ್ಜಿಯನ್ನು ಅಂತರ್ಜಾಲದ ಮೂಲಕ ನೇರವಾಗಿ ಸಲ್ಲಿಸಬೇಕು.

ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

1. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್. ಕಲಬುರಗಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು.
2. ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರ (ಅನ್ವಯಿಸುವವರಿಗೆ).
3. ವಿದ್ಯಾರ್ಹತೆ ಹಾಗೂ ಸೇವಾನುಭವದ ಪ್ರಮಾಣ ಪತ್ರಗಳು. ದೃಢೀಕರಣವನ್ನು ಕೋರಿದಲ್ಲಿ, ಹೇಗ್ ಒಪ್ಪಂದದ ಸದಸ್ಯ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಇತರ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣ ಅಗತ್ಯವಾಗುತ್ತದೆ.
4. ಕೋರಿದಲ್ಲಿ, ಪೊಲೀಸ್ ಪರಿಶೀಲನಾ ಪ್ರಮಾಣ ಪತ್ರ.
5. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಪೀಡಿತ ದೇಶಗಳಿಗೆ ತೆರಳುವವರಿಗೆ ಲಸಿಕೆಯ ಪ್ರಮಾಣ ಪತ್ರ. ಲಸಿಕೆ ಪಡೆದ 10 ದಿನಗಳ ನಂತರ ಇದು ಸಿಂಧುವಾಗುತ್ತದೆ. 2016ರ ಜುಲೈ 11ರಿಂದ ಜೀವಿತಾವಧಿಯವರೆಗೂ ಮಾನ್ಯವಾಗಿದೆ. ಹಿಂದಿರುಗುವಾಗಲೂ ಇದು ಅವಶ್ಯಕ.

ಸರ್ಕಾರಿ ನೌಕರರು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯನ್ನು ತಪ್ಪದೇ ಪಡೆಯತಕ್ಕದ್ದು.

ಗಮನಿಸಬೇಕಾದ ಅಂಶಗಳು

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮವು ನೇಮಕಾತಿಯ ಯಾವುದೇ ಹಂತದಲ್ಲಿ ಶುಲ್ಕ ಪಡೆಯುವುದಿಲ್ಲ. ಅದರ ಹೆಸರಿನಲ್ಲಿ ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಸಾರ್ವಜನಿಕರು ಎಚ್ಚರ ವಹಿಸಬೇಕು. ವಂಚನೆ ಕಂಡುಬಂದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ಸಲ್ಲಿಸಬೇಕು. ಬೇರೆ ಸಂಸ್ಥೆಗಳ ಮೂಲಕ ತೆರಳುವವರು ವಿಮೆ, ವಸತಿ ಮತ್ತು ಹಿಂದಿರುಗುವ ಪ್ರಯಾಣದ ವೆಚ್ಚವನ್ನು ಯಾರು ಭರಿಸುವರೆಂಬುದನ್ನು ಲಿಖಿತವಾಗಿ ಪಡೆದಿರಬೇಕು. ಪ್ರವಾಸಿ ವೀಸಾದ ಮೇಲೆ ತೆರಳಿ ಸ್ವಯಂಸೇವೆ ಸಲ್ಲಿಸಲು ಆ ದೇಶದ ಕಾನೂನಿನಲ್ಲಿ ಅವಕಾಶವಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಭಾರತದ ನೋಂದಣಿಯೊಂದರಿಂದಲೇ ಬೇರೆ ದೇಶದಲ್ಲಿ ಚಿಕಿತ್ಸೆ ನೀಡುವ ಅಧಿಕಾರ ದೊರೆಯುವುದಿಲ್ಲ.

ಹಿಂದಿರುಗುವ ಮುನ್ನ

ತರಬೇತಿ ಪಡೆದವರ ಪೈಕಿ ಸಮರ್ಥರನ್ನು ಗುರುತಿಸಿ, ಮುಂದಿನ ತಂಡಕ್ಕೆ ಅವರೇ ಕಲಿಸುವಂತೆ ಮಾಡಿ, ಸ್ವಯಂಸೇವಕರು ಪಕ್ಕದಲ್ಲಿ ಕುಳಿತು ಗಮನಿಸಬೇಕು. ಕೈಪಿಡಿಯು ಸ್ಥಳೀಯ ಭಾಷೆಯಲ್ಲಿರಬೇಕು. ದೊರೆಯುವ ಔಷಧಿ ಮತ್ತು ಉಪಕರಣಗಳನ್ನಷ್ಟೇ ಆಧರಿಸಿ ಪಾಠಗಳನ್ನು ರೂಪಿಸಬೇಕು. ಸ್ವಯಂಸೇವಕರು ತೆರಳಿದ ಮರುದಿನವೂ ಮನೆ ಭೇಟಿಗಳು ಎಂದಿನಂತೆ ನಡೆದರೆ ಸೇವೆಯು ಸಾರ್ಥಕವಾದಂತೆ.